ಬಯಾಪ್ಸಿ ಸ್ಲೈಡಿನಲ್ಲಿ ಕಂಡ ನೀಲಿ ಚುಕ್ಕೆಗಳು

ಶಕ್ತಿನಗರದ ಥರ್ಮಲ್ ಸ್ಟೇಷನ್ನಿನ ಲ್ಯಾಬಿನಲ್ಲಿ ಬಾಯ್ಲರ್ ನೀರು ಪರೀಕ್ಷೆ ಮಾಡುತ್ತಾ ರಿಟೈರ್ ಆದವನು ನಾನು. ಪಿಎಚ್ ಎಷ್ಟು, ಸಿಲಿಕಾ ಎಷ್ಟು, ಕ್ಲೋರೈಡ್ ಎಷ್ಟು ಅಂತ ಬರೆದಿಡುವುದೇ ಕೆಲಸ. ಹಾಗಾಗಿ ಲ್ಯಾಬ್ ರಿಪೋರ್ಟ್ ಕಂಡರೆ ನನಗೆ ಹೆದರಿಕೆಗಿಂತ ಕುತೂಹಲ ಜಾಸ್ತಿ. ಪ್ರಾಸ್ಟೇಟಿನ ರಕ್ತ ಪರೀಕ್ಷೆಯಲ್ಲಿ ಪಿಎಸ್‌ಎ 18.4 ಅಂತ ಬಂದ ದಿನವೂ ಮೊದಲು ಕಣ್ಣು ಹೋಗಿದ್ದು ಪಕ್ಕದ ನಾರ್ಮಲ್ ಕಾಲಂಗೆ. ಅಲ್ಲಿ 4ರ ಒಳಗೆ ಅಂತ ಇತ್ತು.

ರಾಯಚೂರಿನ ಯೂರಾಲಜಿ ಡಾಕ್ಟರು ರಿಪೋರ್ಟ್ ನೋಡಿ, "ಈಗಲೇ ಕ್ಯಾನ್ಸರ್ ಅಂತ ತಲಿ ಕೆಡಿಸ್ಕೋಬ್ಯಾಡ್ರಿ. ಸೋಂಕು ಆದ್ರೂ ಏರ್ತದ" ಅಂದರು. ಹೇಗೆ ಅಂತ ಕೇಳಿದೆ. ಪಿಎಸ್‌ಎ ಅನ್ನುವುದು ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯೇ ತಯಾರು ಮಾಡುವ ಪ್ರೊಟೀನ್. ಅದು ವೀರ್ಯದ ಜೊತೆ ಹೊರಗೆ ಹೋಗಬೇಕು, ರಕ್ತಕ್ಕೆ ಬರುವುದು ತೀರಾ ಕಡಿಮೆ. ಗ್ರಂಥಿಗೆ ಸೋಂಕು ತಗುಲಿದರೆ ಬಿಳಿ ರಕ್ತಕಣಗಳು ಅಲ್ಲಿಗೆ ನುಗ್ಗುತ್ತವೆ. ಊತ ಬರುತ್ತದೆ, ಒಳಗಿನ ಗೋಡೆಗಳು ಸಡಿಲವಾಗುತ್ತವೆ, ಪಿಎಸ್‌ಎ ರಕ್ತಕ್ಕೆ ಸೋರುತ್ತದೆ. ಕ್ಯಾನ್ಸರ್ ಬಂದರೂ ಇದೇ ಗೋಡೆ ಹಾಳಾಗುತ್ತದೆ. ಅಂದರೆ ಆ 18.4 ನನ್ನ ಬಿಳಿ ರಕ್ತಕಣಗಳ ಗಲಾಟೆಯಿಂದ ಬಂದಿರಬಹುದು, ಗಡ್ಡೆಯಿಂದಲೂ ಬಂದಿರಬಹುದು. ನಂಬರ್ ಒಂದರಿಂದಲೇ ಅದು ಗೊತ್ತಾಗುವುದಿಲ್ಲ.

ಮೂತ್ರದ ಕಲ್ಚರ್ ಮಾಡಿಸಿದರು. ರೋಗಾಣು ಏನೂ ಬೆಳೆಯಲಿಲ್ಲ. ಕೆಲವು ವಾರ ಬಿಟ್ಟು ಪಿಎಸ್‌ಎ ಮತ್ತೆ ಮಾಡಿದರು, ಇಳಿಯಲಿಲ್ಲ. ಬೆರಳಿನಿಂದ ಪರೀಕ್ಷೆ ಮಾಡಿದಾಗ ಒಂದು ಕಡೆ ಗಟ್ಟಿ ಇದೆ ಅಂದರು. ಎಂಆರ್‌ಐಗೆ ಹೈದರಾಬಾದಿಗೆ ಹೋದೆವು. ನಮ್ಮ ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ ಅಲ್ವಾ, ದೊಡ್ಡ ಕಾಯಿಲೆ ಅಂದರೆ ಅರ್ಧ ಊರು ಅದೇ ದಾರಿ ಹಿಡಿಯುತ್ತದೆ. ಎಂಆರ್‌ಐನಲ್ಲಿ ಪೈರಾಡ್ಸ್ 5 ಬಂತು. 5 ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ತುಂಬಾ ಹೆಚ್ಚು. ಆಮೇಲೆ ಬಯಾಪ್ಸಿ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೂಜಿ ಹಾಕಿದಾಗ ಪಟ್ ಅಂತ ಸ್ಟೇಪ್ಲರ್ ಹೊಡೆದ ಸದ್ದು ಬರುತ್ತದೆ, ಕೆಲವು ದಿನ ಮೂತ್ರ ಕೆಂಪಗೆ ಹೋಗುತ್ತದೆ, ಅಷ್ಟೆ. ಮುಂದೂಡುವಷ್ಟು ನೋವಿಲ್ಲ.

ರಿಪೋರ್ಟಿನಲ್ಲಿ, ಕ್ಯಾನ್ಸರ್ ಎಷ್ಟು ಜೋರಿನದು ಅಂತ ಅಳೆಯುವ ಗ್ಲೀಸನ್ ಸ್ಕೋರ್ 4+4=8 ಅಂತ ಇತ್ತು. ಕ್ಯಾನ್ಸರ್ ಖಚಿತ, ಅದೂ ಜೋರಾಗಿ ಬೆಳೆಯುವ ಜಾತಿ. ಮಗಳು ಅಲ್ಲಿಗೇ ಓದುವುದು ನಿಲ್ಲಿಸಿದಳು. ನಾನು ಕೊನೆಯ ಸಾಲಿನ ತನಕ ಓದಿದೆ. ಪಕ್ಕದ ಅಂಗಾಂಶದಲ್ಲಿ ದೀರ್ಘಕಾಲದ ಉರಿಯೂತ ಇದೆ, ಲಿಂಫೋಸೈಟ್ ಕಣಗಳು ಕಾಣುತ್ತಿವೆ ಅಂತ ಬರೆದಿದ್ದರು. ಗ್ಲೀಸನ್ ಬಗ್ಗೆ ಎಲ್ಲರೂ ಮಾತಾಡಿದರು. ಈ ಸಾಲಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಲಿಂಫೋಸೈಟ್ ಅಂದರೆ ದೇಹದ ರಕ್ಷಣೆಯ ಕಣ ಅಂತ ಗೊತ್ತಿತ್ತು. ಅವು ಅಲ್ಲಿ ಇದ್ದವು ಅಂದ ಮೇಲೆ ಏನು ಮಾಡುತ್ತಿದ್ದವು? ಲ್ಯಾಬಿನವನಿಗೆ ಇಂಥದ್ದು ತಲೆಯೊಳಗೆ ಹೊಕ್ಕರೆ ಹೊರಗೆ ಬರುವುದಿಲ್ಲ.

ಎರಡನೇ ಅಭಿಪ್ರಾಯಕ್ಕೆ ಸ್ಲೈಡುಗಳನ್ನು ಬೇರೆ ಕಡೆ ಕೊಟ್ಟಾಗ ಅಲ್ಲಿನ ಪೆಥಾಲಜಿಸ್ಟ್ ಕಲಬುರಗಿ ಕಡೆಯವರು, ಕನ್ನಡದಲ್ಲೇ ಮಾತಾಡಿದರು. ನಾನೂ ಲ್ಯಾಬಿನವನೇ, ಒಂದು ಸಲ ನೋಡಬಹುದಾ ಅಂತ ಕೇಳಿದೆ. ನಕ್ಕರು, ಆದರೆ ಇಬ್ಬರು ನೋಡುವ ಮೈಕ್ರೋಸ್ಕೋಪಿನ ಎದುರು ಕೂರಿಸಿದರು.

ಮೊದಲಿಗೆ ಬರೀ ಗುಲಾಬಿ ಬಣ್ಣ, ಅದರೊಳಗೆ ನೇರಳೆ. ಅವರು ಬಾಣದ ಗುರುತು ಸರಿಸುತ್ತಾ ತೋರಿಸಿದರು. ಆರೋಗ್ಯವಾಗಿರುವ ಕಡೆ ಗ್ರಂಥಿಗಳು ಅಂಕುಡೊಂಕಾದ ಉಂಗುರಗಳ ಹಾಗಿದ್ದವು. ಕ್ಯಾನ್ಸರ್ ಇರುವ ಕಡೆ ಉಂಗುರವೇ ಇಲ್ಲ, ಕಣಗಳು ಒಂದಕ್ಕೊಂದು ಅಂಟಿ ಗುಂಪಾಗಿವೆ. ಇವೆರಡರ ನಡುವೆ, ಹೆಚ್ಚಾಗಿ ಆಚೆ ಅಂಚಿನಲ್ಲಿ, ಕಡು ನೀಲಿಯ ಸಣ್ಣ ದುಂಡು ಚುಕ್ಕೆಗಳು. "ಇವೇ ನಿಮ್ಮ ಲಿಂಫೋಸೈಟ್. ನ್ಯೂಕ್ಲಿಯಸ್ಸೇ ಎಲ್ಲಾ, ಸುತ್ತಲಿನ ಜಾಗ ಕಡಿಮಿ. ಅದಕ್ಕ ಹಿಂಗ ಚುಕ್ಕಿ ಕಾಣ್ತಾವ" ಅಂದರು. ಗಡ್ಡೆಯ ಒಳಗೆ ಹುಡುಕಿದೆ. ಇಲ್ಲವೇ ಇಲ್ಲ ಅಂತೇನಿಲ್ಲ, ಅಲ್ಲೊಂದು ಇಲ್ಲೊಂದು.

"ಇವು ಕ್ಯಾನ್ಸರ್ ಜೊತೆ ಹೊಡೆದಾಡ್ತಾ ಇವೆಯೋ, ಇಲ್ಲಾ ಅದಕ್ಕೇ ಸಹಾಯ ಮಾಡ್ತಾ ಇವೆಯೋ?" ಅಂತ ಕೇಳಿದೆ.

ಅವರು ತಕ್ಷಣ ಉತ್ತರ ಕೊಡಲಿಲ್ಲ. ಈ ಬಣ್ಣದಲ್ಲಿ ಅದು ಹೇಳಲು ಬರುವುದಿಲ್ಲ ಅಂದರು. ನೀಲಿ ಚುಕ್ಕೆಗಳೆಲ್ಲ ನೋಡಲು ಒಂದೇ ಥರ. ಟಿ-ಕಣ ಅನ್ನುವುದು ಲಿಂಫೋಸೈಟಿನದೇ ಒಂದು ಜಾತಿ. ಅವುಗಳಲ್ಲಿ ಕೊಲ್ಲುವ ಟಿ-ಕಣ ಯಾವುದು, ಕೊಲ್ಲುವವರನ್ನು ತಡೆಯುವ ಟಿ-ಕಣ ಯಾವುದು ಅಂತ ತಿಳಿಯಲು ಸಿಡಿ8, ಫಾಕ್ಸ್‌ಪಿ3 ಅಂತ ಬೇರೆ ಗುರುತುಗಳಿಗೆ ಬಣ್ಣ ಹಾಕಿ ನೋಡಬೇಕು. ಸಂಶೋಧನೆಯಲ್ಲಿ ಹಾಗೆ ಮಾಡುತ್ತಾರೆ, ದಿನನಿತ್ಯದ ರಿಪೋರ್ಟಿಗೆ ಮಾಡುವುದಿಲ್ಲ. ತಡೆಯುವ ಕಣಗಳು ಇರುವುದು ತಪ್ಪಲ್ಲ, ಅವು ಇಲ್ಲದಿದ್ದರೆ ನಮ್ಮ ದೇಹವನ್ನು ನಮ್ಮ ಕಣಗಳೇ ತಿಂದುಹಾಕುತ್ತವೆ. ಅವನ್ನು ಗುರುತಿಸಿದ್ದಕ್ಕೆ ಜಪಾನಿನ ಶಿಮೊನ್ ಸಕಾಗುಚಿ ಅವರಿಗೆ ಅಮೆರಿಕದ ಇಬ್ಬರ ಜೊತೆ 2025ರ ನೊಬೆಲ್ ಬಂತು. ಆದರೆ ಗಡ್ಡೆಗಳು ಇದೇ ಕಣಗಳನ್ನು ತಮ್ಮ ಸುತ್ತ ಸೇರಿಸಿಕೊಂಡು ಬಚಾವಾಗುತ್ತವೆ.

ಉರಿಯೂತದ ಆ ಸಾಲಿನ ಬಗ್ಗೆ ಮನೆಗೆ ಬಂದು ಓದಿದೆ, ಮಗಳಿಂದಲೂ ಓದಿಸಿದೆ. ಸಿಕ್ಕಿದ್ದು ವಿಚಿತ್ರ. 1999ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಪೆಥಾಲಜಿಸ್ಟರು ಪ್ರಾಸ್ಟೇಟಿನಲ್ಲಿ ಉರಿಯೂತ ಇರುವ, ಸೊರಗಿದ, ಆದರೂ ಕಣಗಳು ಬೇಗ ಬೇಗ ಒಡೆಯುತ್ತಿರುವ ಜಾಗಗಳನ್ನು ಗುರುತಿಸಿ, ಕ್ಯಾನ್ಸರ್ ಶುರುವಾಗುವುದು ಇಲ್ಲಿಂದ ಇರಬಹುದು ಅಂದರು. ಬಿಳಿ ಕಣಗಳು ಹೊರಸೂಸುವ ಆಕ್ಸಿಡೆಂಟುಗಳು ಡಿಎನ್‌ಎಗೆ ಪೆಟ್ಟು ಕೊಡುತ್ತವೆ, ರಿಪೇರಿಗೆ ಅಂತ ಕಣಗಳು ಮತ್ತೆ ಮತ್ತೆ ಒಡೆಯುತ್ತವೆ, ಅದರಲ್ಲಿ ತಪ್ಪುಗಳು ಸೇರಿಕೊಳ್ಳುತ್ತವೆ ಅನ್ನುವುದು ಅವರ ವಾದ. 2014ರಲ್ಲಿ ಎರಡು ಅಧ್ಯಯನ ಬಂದವು. ಒಂದರಲ್ಲಿ ಪಕ್ಕದ ಅಂಗಾಂಶದಲ್ಲಿ ಉರಿಯೂತ ಇದ್ದವರಿಗೆ ಜೋರಿನ ಕ್ಯಾನ್ಸರ್ ಜಾಸ್ತಿ ಕಂಡಿತ್ತು. ಇನ್ನೊಂದರಲ್ಲಿ, ಮೊದಲ ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲದೆ ಬರೀ ಉರಿಯೂತ ಇದ್ದವರಿಗೆ ಮುಂದೆ ಕ್ಯಾನ್ಸರ್ ಸಿಕ್ಕಿದ್ದು ಕಡಿಮೆ. ಅವರ ಪಿಎಸ್‌ಎ ಏರಿದ್ದೇ ಉರಿಯೂತದಿಂದ ಇರಬಹುದು, ಅದಕ್ಕೇ ಹಾಗೆ ಅಂತ ಒಂದು ವಿವರಣೆ. ಒಂದೇ ವರ್ಷ, ಎರಡು ಉತ್ತರ! ನನಗಂತೂ ಇದರಿಂದ ಬೇಜಾರಾಗಲಿಲ್ಲ. ಒಂದೇ ಸ್ಯಾಂಪಲ್ಲಿಗೆ ಎರಡು ರೀಡಿಂಗ್ ಬಂದರೆ ಎರಡನ್ನೂ ಬರೆದಿಡಬೇಕು ಅಂತ ಕಲಿತವನು.

ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಅಂತ ನೋಡುವ ಪಿಎಸ್‌ಎಂಎ ಪೆಟ್ ಸ್ಕ್ಯಾನಿನಲ್ಲಿ ಮೂಳೆಗೆ ಹರಡಿಲ್ಲ ಅಂತ ಬಂತು. ಚಿಕಿತ್ಸೆ ಅಂದರೆ ಮೂರು ತಿಂಗಳಿಗೊಮ್ಮೆ ಹಾರ್ಮೋನ್ ತಡೆಯುವ ಇಂಜೆಕ್ಷನ್, ಶುರುವಿನ ಕೆಲವು ವಾರ ಜೊತೆಗೆ ಬೈಕಾಲ್ಯುಟಮೈಡ್ ಮಾತ್ರೆ, ಆಮೇಲೆ ರೇಡಿಯೇಷನ್.

ಇಷ್ಟರಲ್ಲಿ ಸುದ್ದಿ ಹಬ್ಬಿತ್ತು. ಮನೆಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಇಮ್ಯುನಿಟಿ ಹೆಚ್ಚಿಗಿ ಮಾಡ್ಕೋರಿ." ಒಬ್ಬರು ಅಮೃತಬಳ್ಳಿ ಕಷಾಯ ತಂದರು. ಇನ್ನೊಬ್ಬರು ಡಬ್ಬಿಯಲ್ಲಿ ಪುಡಿ. ಮತ್ತೊಬ್ಬರು ಗೋಧಿ ಹುಲ್ಲಿನ ರಸ. ಪ್ರೀತಿಯಿಂದಲೇ ತಂದಿದ್ದು, ಬೈಯುವ ಹಾಗಿಲ್ಲ. ಆದರೆ ಡಾಕ್ಟರಿಗೆ ತೋರಿಸಿದಾಗ ಕಷಾಯದ ಹತ್ತಿರ ನಿಂತರು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದ ಕೆಲವರಿಗೆ ಲಿವರ್ ಕೆಟ್ಟಿದ್ದನ್ನು ಮುಂಬೈನ ಡಾಕ್ಟರುಗಳು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಇಲಾಖೆ ಅದನ್ನು ಒಪ್ಪಲಿಲ್ಲ. "ಬೈಕಾಲ್ಯುಟಮೈಡೂ ಲಿವರ್ ಮ್ಯಾಲೆ ಕೆಲಸ ಮಾಡೋದೇ. ಎರಡೂ ಒಟ್ಟಿಗೆ ತಗೊಂಡ್ರೆ ಯಾವುದ್ರಿಂದ ತೊಂದ್ರಿ ಆಯ್ತು ಅಂತ ನಾನು ಹೆಂಗ ಹೇಳ್ಲಿ?" ಅಂದರು. ಈ ಮಾತು ನನಗೆ ಸರಿ ಅನ್ನಿಸಿತು. ಕಷಾಯ ನಿಂತಿತು.

ಅಲ್ಲೇ ನಾನು ಬಹಳ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ. ಶ್ವಾಸಕೋಶದ ಕ್ಯಾನ್ಸರಿಗೆ, ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರಿಗೆ ಇಮ್ಯುನೋಥೆರಪಿ, ಅಂದರೆ ದೇಹದ ರಕ್ಷಣೆಯ ಕಣಗಳನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧಿ ಕೊಡುತ್ತಾರೆ. ಜೇಮ್ಸ್ ಆಲಿಸನ್, ತಾಸುಕು ಹೊಂಜೊ ಇಬ್ಬರಿಗೂ ಅದಕ್ಕೇ 2018ರ ನೊಬೆಲ್. ನನಗೆ ಯಾಕಿಲ್ಲ?

ಡಾಕ್ಟರು ಪೆನ್ನು ತೆಗೆದು ಪ್ರಿಸ್ಕ್ರಿಪ್ಷನ್ ಹಾಳೆಯ ಹಿಂದೆ ಚಿತ್ರ ಬರೆದರು. ಟಿ-ಕಣಗಳಿಗೆ ಬ್ರೇಕ್ ಇರುತ್ತದೆ. ಗಡ್ಡೆ ಆ ಬ್ರೇಕನ್ನು ಒತ್ತಿ ಹಿಡಿಯುತ್ತದೆ. ಈ ಔಷಧಿಗಳು ಬ್ರೇಕ್ ಬಿಡಿಸುತ್ತವೆ. ಆದರೆ ಬ್ರೇಕ್ ಬಿಡಿಸಿದರೆ ಕೆಲಸ ಆಗಬೇಕಾದರೆ ಟಿ-ಕಣ ಅಲ್ಲಿ ಇರಬೇಕಲ್ಲ? ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಡಿಎನ್‌ಎ ತಪ್ಪುಗಳು ಮೆಲನೋಮಕ್ಕೆ ಹೋಲಿಸಿದರೆ ಬಹಳ ಕಡಿಮೆ. ತಪ್ಪು ಕಡಿಮೆ ಅಂದರೆ ಟಿ-ಕಣಕ್ಕೆ 'ಇದು ನಮ್ಮದಲ್ಲ' ಅಂತ ಗುರುತು ಸಿಗುವುದೂ ಕಡಿಮೆ. ಜೊತೆಗೆ ಗಡ್ಡೆಯ ಸುತ್ತ ಮ್ಯಾಕ್ರೋಫೇಜ್ ಅನ್ನುವ ದೊಡ್ಡ ಕಣಗಳು ಸೇರಿಕೊಂಡಿರುತ್ತವೆ. ಕೊಳೆ ತಿನ್ನುವುದು, ಗಾಯ ಮಾಗಿಸುವುದು ಅವುಗಳ ಕೆಲಸ. ಗಡ್ಡೆಯನ್ನು ಅವು ಗಾಯ ಅಂದುಕೊಂಡ ಹಾಗೆ ನಡೆದುಕೊಳ್ಳುತ್ತವೆ: ಹೊಸ ರಕ್ತನಾಳ ಬೆಳೆಸುತ್ತವೆ, ಟಿ-ಕಣಗಳನ್ನು ಸುಮ್ಮನಿರಿಸುತ್ತವೆ.

ನನಗೆ ತಕ್ಷಣ ನೆನಪಾಗಿದ್ದು ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ. ಡ್ಯಾಂ ತುಂಬಿರುತ್ತದೆ, ಗೇಟು ಎತ್ತಿರುತ್ತಾರೆ, ಆದರೂ ಮಾನ್ವಿ ಕಡೆಯ ಕೊನೆ ಭಾಗದ ಹೊಲಕ್ಕೆ ನೀರು ಬರುವುದಿಲ್ಲ. ಗೇಟು ಇನ್ನಷ್ಟು ಎತ್ತಿ ಅಂತ ಕೂಗಿದರೆ ಏನು ಬಂತು, ತೊಂದರೆ ಇರುವುದು ನಡುವಿನ ದಾರಿಯಲ್ಲಿ. ಹಾಗೆ ಹೇಳಿದೆ. "ಕರೆಕ್ಟ್, ಇಮ್ಯುನಿಟಿ ಹೆಚ್ಚಿಸೋ ಪುಡಿ ಅಂದ್ರ ಗೇಟ್ ಎತ್ತೋದು ಅಷ್ಟೇ. ಅದೂ ಎತ್ತಿದ್ರ!" ಅಂತ ಡಾಕ್ಟರು ನಕ್ಕರು.

ಹೇಳಿದ್ದಕ್ಕೆ ಲೆಕ್ಕವೂ ಕೊಟ್ಟರು. ಹರಡಿದ, ಬೇರೆ ಔಷಧಿಗಳಿಗೆ ಬಗ್ಗದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರಿಗೆ ಬ್ರೇಕ್ ಬಿಡಿಸುವ ಔಷಧಿ ಪೆಂಬ್ರೊಲಿಜುಮ್ಯಾಬ್ ಒಂದನ್ನೇ ಕೊಟ್ಟು ನೋಡಿದಾಗ ಗಡ್ಡೆ ಚೆನ್ನಾಗಿ ಕುಗ್ಗಿದ್ದು ನೂರರಲ್ಲಿ ಐದರ ಆಸುಪಾಸು ಜನರಿಗೆ. ಇಪಿಲಿಮುಮ್ಯಾಬ್ ಅನ್ನುವ ಇನ್ನೊಂದು ಔಷಧಿಯ ದೊಡ್ಡ ಪ್ರಯೋಗದಲ್ಲಿ ಒಟ್ಟಾರೆ ಆಯಸ್ಸು ಸಾಬೀತಾಗುವಷ್ಟು ಹೆಚ್ಚಲಿಲ್ಲ. ಪ್ರಾಸ್ಟೇಟಿಗೆ ಅಂತಲೇ ಒಪ್ಪಿಗೆ ಸಿಕ್ಕ ಕಣ ಚಿಕಿತ್ಸೆ ಒಂದಿದೆ, ಸಿಪ್ಯುಲ್ಯೂಸೆಲ್-ಟಿ. 2010ರಲ್ಲಿ ಅಮೆರಿಕದಲ್ಲಿ ಬಂತು. ರೋಗಿಯ ರಕ್ತದಿಂದ ಬಿಳಿ ಕಣ ತೆಗೆದು, ಪ್ರಾಸ್ಟೇಟಿನ ಒಂದು ಪ್ರೊಟೀನ್ ಪರಿಚಯ ಮಾಡಿಸಿ, ಅವರಿಗೇ ವಾಪಸ್ ಏರಿಸುತ್ತಾರೆ. ಎರಡೆರಡು ವಾರ ಬಿಟ್ಟು ಮೂರು ಸಲ. 512 ಜನರ ಪ್ರಯೋಗದಲ್ಲಿ ಆಯಸ್ಸಿನ ಮಧ್ಯಾಂಕ ನಾಲ್ಕು ತಿಂಗಳಷ್ಟು ಹೆಚ್ಚಿತ್ತು. ಪಿಎಸ್‌ಎ ಇಳಿದಿದ್ದು ಬಹಳ ಕಡಿಮೆ ಜನರಿಗೆ. ಅದೂ ರೋಗ ಹರಡಿದವರಿಗೆ, ನನ್ನಂಥವರಿಗಲ್ಲ.

ಆ ಐದು ಜನ ಯಾರು ಅಂತ ಕೇಳಿದೆ. ಇದು ಕೇಳಿದ್ದು ಒಳ್ಳೆಯದಾಯಿತು. ಯಾಕೆಂದರೆ ಡಾಕ್ಟರು ಮನೆತನದ ಬಗ್ಗೆ ವಿಚಾರಿಸಿದರು, ನಮ್ಮ ಅಣ್ಣ ಐವತ್ತರ ಒಳಗೇ ದೊಡ್ಡ ಕರುಳಿನ ಕ್ಯಾನ್ಸರಿನಿಂದ ಹೋದ ವಿಷಯ ಹೊರಬಂತು. ಅಲ್ಲಿಯವರೆಗೂ ಯಾರೂ ಕೇಳಿರಲಿಲ್ಲ. ಬಿಪಿ ಇದೆಯಾ, ಶುಗರ್ ಇದೆಯಾ ಅಂತ ಎಲ್ಲಾ ಫಾರಂನಲ್ಲೂ ಇತ್ತು, ಅಣ್ಣನಿಗೆ ಏನಾಗಿತ್ತು ಅಂತ ಇರಲಿಲ್ಲ.

ನಮ್ಮ ಕಣಗಳಲ್ಲಿ ಡಿಎನ್‌ಎ ನಕಲು ಮಾಡುವಾಗ ಆಗುವ ತಪ್ಪು ತಿದ್ದುವ ಪ್ರೊಟೀನುಗಳಿವೆ. ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಅಂತ ನಾಲ್ಕನ್ನು ಪರೀಕ್ಷೆ ಮಾಡುತ್ತಾರೆ. ಕೆಲವು ಮನೆತನಗಳಲ್ಲಿ ಇವುಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಅದಕ್ಕೆ ಲಿಂಚ್ ಸಿಂಡ್ರೋಮ್ ಅನ್ನುತ್ತಾರೆ. ಕರುಳು, ಗರ್ಭಕೋಶದ ಕ್ಯಾನ್ಸರ್ ಅಂಥ ಮನೆಗಳಲ್ಲಿ ಜಾಸ್ತಿ, ಕೆಲವೊಮ್ಮೆ ಪ್ರಾಸ್ಟೇಟೂ. ತಿದ್ದುವವರೇ ಇಲ್ಲದ ಗಡ್ಡೆಯಲ್ಲಿ ತಪ್ಪುಗಳು ಸಾವಿರಾರು. ಆಗ ಟಿ-ಕಣಗಳಿಗೆ ಗುರುತು ಸಿಕ್ಕೇ ಸಿಗುತ್ತದೆ, ಬ್ರೇಕ್ ಬಿಡಿಸುವ ಔಷಧಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. 2017ರಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಎಫ್‌ಡಿಎ, ಗಡ್ಡೆ ಯಾವ ಅಂಗದ್ದಾದರೂ ಸರಿ, ಈ ದೋಷ ಇದ್ದು ಬೇರೆ ಚಿಕಿತ್ಸೆ ಫಲ ಕೊಡದಿದ್ದರೆ ಪೆಂಬ್ರೊಲಿಜುಮ್ಯಾಬ್ ಕೊಡಬಹುದು ಅಂದಿತು. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಇಂಥವರು ನೂರಕ್ಕೆ ಮೂರರಷ್ಟು.

ಹೊಸದಾಗಿ ಸೂಜಿ ಬೇಕಾಗಲಿಲ್ಲ. ಬಯಾಪ್ಸಿಯ ತುಣುಕನ್ನು ಮೇಣದ ಬ್ಲಾಕಿನಲ್ಲಿ ಇಟ್ಟಿರುತ್ತಾರೆ, ಅದರಿಂದಲೇ ತೆಳ್ಳಗೆ ಕೊಯ್ದು ಬಣ್ಣ ಹಾಕುತ್ತಾರೆ. ಬ್ಲಾಕ್ ಮೊದಲು ಮಾಡಿಸಿದ ಲ್ಯಾಬಿನಲ್ಲಿತ್ತು. ಅದನ್ನು ಬಿಡಿಸಿಕೊಂಡು ಬರುವುದೇ ದೊಡ್ಡ ಸಾಹಸ ಆಯಿತು. ಒಬ್ಬರು ಅರ್ಜಿ ಕೊಡಿ ಅಂದರು, ಇನ್ನೊಬ್ಬರು ಸೀಲ್ ಇಲ್ಲ ಅಂದರು, ಊಟಕ್ಕೆ ಹೋದ ಮೂರನೆಯವರು ಸಂಜೆವರೆಗೂ ಬರಲಿಲ್ಲ. ಕ್ಯಾನ್ಸರ್ ಅಂತ ಗೊತ್ತಾದವರೆಲ್ಲ ಸ್ಲೈಡು, ಬ್ಲಾಕು ಎರಡೂ ಎಲ್ಲಿವೆ ಅಂತ ಮೊದಲೇ ಬರೆದಿಟ್ಟುಕೊಳ್ಳುವುದು ವಾಸಿ.

ನಾಲ್ಕು ಪ್ರೊಟೀನೂ ಇವೆ ಅಂತ ರಿಪೋರ್ಟ್ ಬಂತು. ಅಂದರೆ ನಾನು ಆ ಮೂರರಲ್ಲಿ ಸೇರಿಲ್ಲ. ಮುಂದೆ ರೋಗ ಹರಡಿದರೂ ಆ ಬಾಗಿಲು ನನಗೆ ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಮಕ್ಕಳಿಗೆ ನನ್ನ ಕಡೆಯಿಂದ ಲಿಂಚ್ ಬರುವ ಭಯ ಬಹಳ ಕಡಿಮೆಯಾಯಿತು ಅನ್ನುವುದು ಅದರ ಇನ್ನೊಂದು ಮಗ್ಗುಲು. ಹೆಂಡತಿ ಎರಡನೆಯದನ್ನು ಮಾತ್ರ ಕೇಳಿಸಿಕೊಂಡಳು, ಅಂಬಾಮಠಕ್ಕೆ ಹೋಗಿ ಕಾಯಿ ಒಡೆದು ಬಂದಳು.

ಇಂಜೆಕ್ಷನ್ ಶುರುವಾಗಿದ್ದು ಬೇಸಿಗೆಯಲ್ಲಿ. ಹಾರ್ಮೋನ್ ನಿಂತರೆ ಒಮ್ಮೆಲೇ ಮೈ ಬಿಸಿಯಾಗಿ ಬೆವರು ಕಿತ್ತುಕೊಂಡು ಬರುತ್ತದೆ ಅಂತ ಹೇಳಿದ್ದರು. ರಾಯಚೂರಿನ ಮೇ ತಿಂಗಳಲ್ಲಿ ಅದು ಇಂಜೆಕ್ಷನ್ನಿಂದ ಬಂದ ಬೆವರೋ, ಊರಿಂದ ಬಂದ ಬೆವರೋ, ಹೇಗೆ ಗೊತ್ತಾಗಬೇಕು! ಸುಸ್ತು ಮಾತ್ರ ನಿಜ. ತೊಡೆ ಸಣ್ಣಗಾಯಿತು. ಮನಸ್ಸಿಗೆ ಬೇರೆ ಕಸಿವಿಸಿ. ಈ ಇಂಜೆಕ್ಷನ್ ಮಾಡುವುದು ವೃಷಣದ ಕೆಲಸ ನಿಲ್ಲಿಸುವುದನ್ನು. ನಮ್ಮ ಹೊಲದಲ್ಲಿ ಹೋರಿಗಳನ್ನು ಎತ್ತು ಮಾಡುವುದನ್ನು ಹುಡುಗನಾಗಿದ್ದಾಗಿಂದ ನೋಡಿದ್ದೇನೆ, ಬೇರೆ ವಿವರಣೆ ಬೇಕಿರಲಿಲ್ಲ. ಗಂಡಸರು ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಆದರೆ ಇದೇ ಎತ್ತಿನಿಂದ ಒಂದು ಕುತೂಹಲದ ಸಂಗತಿ ಸಿಕ್ಕಿತು. 1904ರಲ್ಲಿ ಹೆಂಡರ್ಸನ್ ಅನ್ನುವ ವಿಜ್ಞಾನಿ, ಬೀಜ ತೆಗೆದ ದನಗಳಲ್ಲಿ ಥೈಮಸ್ ಗ್ರಂಥಿ ಬೇಗ ಕುಗ್ಗುವುದಿಲ್ಲ ಅಂತ ಬರೆದಿದ್ದರು. ಟಿ-ಕಣಗಳು ಪಳಗುವುದು ಎದೆಯೊಳಗಿನ ಆ ಗ್ರಂಥಿಯಲ್ಲೇ. ಟೆಸ್ಟೋಸ್ಟೆರಾನ್ ಅದನ್ನು ಸೊರಗಿಸುತ್ತದೆ ಅಂತ ಆಮೇಲೆ ಇಲಿಗಳಲ್ಲೂ ಕಂಡರು. 2022ರಲ್ಲಿ ಬಂದ ಸಂಶೋಧನೆಯೊಂದು ಇನ್ನೂ ಮುಂದೆ ಹೋಗಿ, ಗಂಡು ಹಾರ್ಮೋನ್ ಟಿ-ಕಣದ ಒಳಗೇ ಕೂತು ಅದನ್ನು ಮಂದ ಮಾಡುತ್ತದೆ ಅಂತ ತೋರಿಸಿತು. ಹಾಗಾದರೆ ನನ್ನ ಇಂಜೆಕ್ಷನ್ ಟಿ-ಕಣಗಳಿಗೆ ಒಳ್ಳೆಯದೇ ಅಲ್ವಾ? ಅಷ್ಟು ಸಲೀಸಲ್ಲ. ಹಾರ್ಮೋನ್ ನಿಂತಾಗ ಪ್ರಾಸ್ಟೇಟಿಗೆ ಟಿ-ಕಣ ಬರುತ್ತವೆ, ಹಿಂದೆಯೇ ತಡೆಯುವ ಕಣಗಳೂ ಬರುತ್ತವೆ. 2018ರಲ್ಲಿ ಇನ್ನೊಂದು ತಂಡ, ಗಡ್ಡೆಯೊಳಗೆ ಸೇರುವ ಎಳೆಯ ಬಿಳಿ ಕಣಗಳ ಒಂದು ಜಾತಿ ಐಎಲ್-23 ಅನ್ನುವ ರಾಸಾಯನಿಕ ಸುರಿಸಿ, ಹಾರ್ಮೋನ್ ಇಲ್ಲದೆಯೂ ಕ್ಯಾನ್ಸರ್ ಬೆಳೆಯುವ ಹಾಗೆ ಮಾಡುತ್ತದೆ ಅಂತ ಇಲಿಗಳಲ್ಲಿ ತೋರಿಸಿತು. ಹಾರ್ಮೋನ್ ಔಷಧಿ ಎನ್ಜಲುಟಮೈಡ್ ಜೊತೆ ಬ್ರೇಕ್ ಬಿಡಿಸುವ ಔಷಧಿ ಸೇರಿಸಿ ಮನುಷ್ಯರಲ್ಲಿ ಮಾಡಿದ ದೊಡ್ಡ ಪ್ರಯೋಗ ಆಯಸ್ಸು ಹೆಚ್ಚಿಸಲಿಲ್ಲ.

ರೇಡಿಯೇಷನ್ ವಾರಕ್ಕೆ ಐದು ದಿನ. ಮೂತ್ರಕೋಶ ತುಂಬಿಸಿಕೊಂಡು ಮಲಗಬೇಕು, ಅದೇ ಕಷ್ಟ. ಈ ಹೊತ್ತಿಗೆ ನಾನೊಂದು ಚಟ ಹಚ್ಚಿಕೊಂಡಿದ್ದೆ. ಪ್ರತಿ ಸಲದ ರಕ್ತ ಪರೀಕ್ಷೆಯಲ್ಲಿ ನ್ಯೂಟ್ರೋಫಿಲ್ ಅನ್ನುವ ಇನ್ನೊಂದು ಬಿಳಿ ಕಣದ ಲೆಕ್ಕವನ್ನು ಲಿಂಫೋಸೈಟಿನ ಲೆಕ್ಕದಿಂದ ಭಾಗಿಸುವುದು. ಈ ಅನುಪಾತ ಏರಿದ್ದರೆ ಪ್ರಾಸ್ಟೇಟ್ ಕ್ಯಾನ್ಸರಿನವರಿಗೆ ಒಟ್ಟಾರೆ ಫಲಿತಾಂಶ ಅಷ್ಟು ಚೆನ್ನಾಗಿರುವುದಿಲ್ಲ ಅಂತ ಓದಿದ್ದೆ. ಮೊದಲು 2ರ ಆಸುಪಾಸು ಇತ್ತು. ರೇಡಿಯೇಷನ್ ನಡುವೆ 6 ದಾಟಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಡಾಕ್ಟರಿಗೆ ನನ್ನ ಗ್ರಾಫ್ ಕಾಗದ ತೋರಿಸಿದೆ. ಲಿಂಫೋಸೈಟ್ ವಿಕಿರಣಕ್ಕೆ ಎಲ್ಲಕ್ಕಿಂತ ಬೇಗ ಸಾಯುವ ಕಣ, ಸೊಂಟದ ಮೂಳೆಯಲ್ಲಿ ಮಜ್ಜೆ ಬಹಳ, ಕಿರಣ ಬೀಳುವುದೂ ಅಲ್ಲೇ. ಅದಕ್ಕೇ ಲಿಂಫೋಸೈಟ್ ಇಳಿದಿದೆ, ಅನುಪಾತ ಏರಿದೆ. ಜ್ವರ, ನೆಗಡಿ, ಸ್ಟೀರಾಯ್ಡ್ ಮಾತ್ರೆ, ಏನಿದ್ದರೂ ಅದು ಏರುತ್ತದೆ. ಸಾವಿರಾರು ಜನರ ಸರಾಸರಿಗೆ ಅರ್ಥ ಇದೆ, ಒಬ್ಬನ ಮಂಗಳವಾರದ ರಿಪೋರ್ಟಿಗೆ ಇಲ್ಲ ಅಂದರು. ಚಳಿಗಾಲಕ್ಕೆ ಮುಂಚೆ ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಅಂತ ಬರೆದುಕೊಟ್ಟರು. ಇಮ್ಯುನಿಟಿ ವಿಷಯದಲ್ಲಿ ಅವರು ಇಷ್ಟೂ ಕಾಲದಲ್ಲಿ ಬರೆದುಕೊಟ್ಟ ಔಷಧಿ ಅಂದರೆ ಅದೊಂದೇ.

ಈಗ ಪಿಎಸ್‌ಎ 0.1ರ ಕೆಳಗಿದೆ. ಇಂಜೆಕ್ಷನ್ ಇನ್ನೂ ಬಾಕಿ ಇವೆ.

ಈಚೆಗೆ ನನ್ನ ಜೊತೆ ಪ್ಲಾಂಟಿನಲ್ಲಿದ್ದ ಒಬ್ಬರು ಫೋನ್ ಮಾಡಿದರು. ಅವರದೂ ಪ್ರಾಸ್ಟೇಟೇ, ಆದರೆ ಮೂಳೆಗೆ ಹೋಗಿದೆ. ಯಾವುದೋ ಊರಿನ ಕ್ಲಿನಿಕ್ಕಿನ ಏಜೆಂಟ್ ಒಬ್ಬ, ರಕ್ತದ ಕಣ ತೆಗೆದು ಬಲ ತುಂಬಿ ವಾಪಸ್ ಹಾಕುತ್ತೇವೆ, ಕ್ಯಾನ್ಸರ್ ಬೇರುಸಹಿತ ಹೋಗುತ್ತದೆ ಅಂತ ಹೇಳಿ ಹಲವು ಲಕ್ಷದ ಪ್ಯಾಕೇಜ್ ಕಳಿಸಿದ್ದಾನೆ. ರೋಗಿಯ ಟಿ-ಕಣಗಳನ್ನೇ ಲ್ಯಾಬಿನಲ್ಲಿ ಬದಲಾಯಿಸಿ ವಾಪಸ್ ಹಾಕುವ, ಐಐಟಿ ಬಾಂಬೆಯ ಕಾರ್-ಟಿ ಚಿಕಿತ್ಸೆಯ ಪೇಪರ್ ಕಟಿಂಗನ್ನೂ ಸೇರಿಸಿದ್ದಾನೆ. ಅದು ನಿಜವಾದ ಚಿಕಿತ್ಸೆಯೇ, 2023ರಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆಯೂ ಸಿಕ್ಕಿದೆ. ಆದರೆ ಅದು ಬಿ-ಕಣಗಳ ರಕ್ತದ ಕ್ಯಾನ್ಸರಿಗೆ. ಪ್ರಾಸ್ಟೇಟಿಗೆ ಅಂಥದ್ದು ಇನ್ನೂ ಪ್ರಯೋಗದ ಹಂತದಲ್ಲಿದೆ, ಪ್ರಯೋಗಕ್ಕೆ ಸೇರಿದವರಿಂದ ಔಷಧಿಯ ದುಡ್ಡು ಕೇಳುವುದಿಲ್ಲ. ಇವರು ಸಿರವಾರದ ಹತ್ತಿರದ ಹೊಲ ಮಾರಲು ಮಾತಾಡಿ ಆಗಿತ್ತು. ಪ್ಯಾಕೇಜಿನಲ್ಲಿ ಬರೆದ ಔಷಧಿಯ ಹೆಸರು ಓದಿ ಅಂದೆ. ಹೆಸರೇ ಇರಲಿಲ್ಲ.

ನಾಲ್ಕು ಪ್ರೊಟೀನಿನ ಪರೀಕ್ಷೆ ಆಗಿದೆಯಾ ಅಂತ ಕೇಳಿದೆ. ಆಗಿಲ್ಲ. ಬ್ಲಾಕ್ ಎಲ್ಲಿದೆ ಅಂತ ಕೇಳಿದೆ. ಅದೂ ಗೊತ್ತಿಲ್ಲ. ಮಗನನ್ನು ಕಳಿಸಿ ಹುಡುಕಿಸಿದರು, ಈಗ ಪರೀಕ್ಷೆಗೆ ಕೊಟ್ಟಿದ್ದಾರೆ. ಅವರಿಗೆ ಆ ಮೂರರಲ್ಲಿ ಜಾಗ ಇದ್ದರೂ ಇರಬಹುದು. ಏಜೆಂಟ್ ದಿನಾ ಫೋನ್ ಮಾಡುತ್ತಿದ್ದಾನಂತೆ. ರಿಪೋರ್ಟ್ ಬರುವವರೆಗೆ ಹೊಲದ ಮಾತು ಬೇಡ ಅಂತ ಮನೆಯವರನ್ನು ಒಪ್ಪಿಸಿದ್ದಾರೆ.